ಒಂದು ದಿನದ ರಜೆ ಎಲ್ಲರಿಗೂ ಕಾಣುತ್ತದೆ, ಕೈತಪ್ಪಿದ ಕೆಲಸ ಯಾರಿಗೂ ಕಾಣುವುದಿಲ್ಲ

2025ರ ಡಿಸೆಂಬರ್ 9ರಂದು ಕರ್ನಾಟಕ ಹೈಕೋರ್ಟಿನಲ್ಲಿ ನಡೆದದ್ದು ಅನೇಕರಿಗೆ ಅರ್ಥವೇ ಆಗಲಿಲ್ಲ. ದುಡಿಯುವ ಹೆಂಗಸರಿಗೆ ತಿಂಗಳಿಗೊಂದು ದಿನ ಸಂಬಳ ಸಹಿತ ಮುಟ್ಟಿನ ರಜೆ ಕೊಡಬೇಕು ಎಂಬ ಸರ್ಕಾರಿ ಆದೇಶಕ್ಕೆ ಮಧ್ಯಂತರ ತಡೆ ಬಿತ್ತು. ಕೆಲವೇ ಗಂಟೆಗಳಲ್ಲಿ ಕೋರ್ಟ್ ಆ ತಡೆಯನ್ನು ತಾನೇ ಹಿಂದಕ್ಕೆ ಪಡೆಯಿತು. ಮೊದಲ ಸುದ್ದಿ ಮಾತ್ರ ಓದಿದವರು ರಜೆ ಹೋಯಿತು ಎಂದುಕೊಂಡರು. ಎರಡನೆಯದು ಓದಿದವರು ರಜೆ ಉಂಟು ಎಂದುಕೊಂಡರು.

ಕೋರ್ಟಿನ ಗೊಂದಲ ಹೇಗೋ ಬಗೆಹರಿಯುತ್ತದೆ. ಅದಕ್ಕಿಂತ ದೊಡ್ಡ ಗೊಂದಲ ಬೇರೆ ಇದೆ. ಹೆಂಗಸರ ಅನುಕೂಲಕ್ಕೆಂದು ಬಂದ ಆದೇಶವನ್ನು ಹೆಂಗಸರಲ್ಲೇ ಎಷ್ಟೋ ಜನ ಬೇಡ ಅನ್ನುತ್ತಿದ್ದಾರೆ. 'ಇದರಿಂದ ನಮಗೆ ಕೆಲಸ ಸಿಗುವುದೇ ಕಷ್ಟವಾಗುತ್ತದೆ' ಎಂಬುದು ಅವರ ಭಯ. ಕೆಲವು ಗಂಡಸರು 'ಈಗ ತಾರತಮ್ಯ ಆಗುತ್ತಿರುವುದು ನಮಗೆ' ಅನ್ನುತ್ತಿದ್ದಾರೆ. ಹಾಗಾದರೆ ಕೆಲಸದ ಜಾಗದಲ್ಲಿ ಹೆಂಗಸರಿಗೆ ತಾರತಮ್ಯ ನಿಜಕ್ಕೂ ಇದೆಯಾ? ಇದ್ದರೆ ಕೆಲವರಿಗೆ ಕಾಣುತ್ತದೆ, ಕೆಲವರಿಗೆ ಕಾಣುವುದಿಲ್ಲ, ಯಾಕೆ? ಕರಾವಳಿಯ ದಕ್ಷಿಣ ಕನ್ನಡ, ಉಡುಪಿ ಜಿಲ್ಲೆಗಳನ್ನು ಮುಂದಿಟ್ಟುಕೊಂಡು ನೋಡಿದರೆ ಉತ್ತರ ಸ್ವಲ್ಪ ಸ್ಪಷ್ಟವಾಗುತ್ತದೆ.

ಆದೇಶದಲ್ಲಿ ಇರುವುದೇನು

ರಾಜ್ಯ ಸಚಿವ ಸಂಪುಟ ಈ ರಜೆಗೆ ಒಪ್ಪಿಗೆ ಕೊಟ್ಟದ್ದು 2025ರ ಅಕ್ಟೋಬರ್ 9ರಂದು. ಆದೇಶ ಹೊರಬಿದ್ದದ್ದು ನವೆಂಬರ್ 20ರಂದು. 18ರಿಂದ 52 ವರ್ಷದೊಳಗಿನವರಿಗೆ ವರ್ಷಕ್ಕೆ 12 ದಿನ. ಈ ತಿಂಗಳ ರಜೆಯನ್ನು ಮುಂದಿನ ತಿಂಗಳಿಗೆ ಉಳಿಸಿಕೊಳ್ಳುವ ಹಾಗಿಲ್ಲ. ಡಾಕ್ಟರ ಸರ್ಟಿಫಿಕೇಟ್ ಕೇಳುವಂತಿಲ್ಲ. ಕಾಯಂ ಕೆಲಸದವರು, ಗುತ್ತಿಗೆಯವರು, ಹೊರಗುತ್ತಿಗೆಯವರು ಎಲ್ಲರಿಗೂ ಇದು ಅನ್ವಯ.

ಆದೇಶ ಐದು ಕಾಯ್ದೆಗಳನ್ನು ಹೆಸರಿಸುತ್ತದೆ. ಕಾರ್ಖಾನೆ, ಅಂಗಡಿ ಮತ್ತು ವಾಣಿಜ್ಯ ಸಂಸ್ಥೆ, ತೋಟ, ಬೀಡಿ-ಸಿಗಾರ್, ಮೋಟಾರು ಸಾರಿಗೆ. ಈ ಕಾಯ್ದೆಗಳಡಿ ನೋಂದಣಿಯಾದ ಕಡೆಗಳಲ್ಲಿ ರಜೆ ಕೊಡಬೇಕು. ನಮ್ಮ ಕಡೆಯ ಲೆಕ್ಕದಲ್ಲಿ ಹೇಳುವುದಾದರೆ ಗೇರುಬೀಜ ಫ್ಯಾಕ್ಟರಿ, ಬಟ್ಟೆ ಅಂಗಡಿ, ಐಟಿ ಕಂಪನಿ, ಬೀಡಿ ಕಂಪನಿ ಎಲ್ಲವೂ ಇದರೊಳಗೆ ಬರುತ್ತವೆ.

ಮಾರನೇ ದಿನವೇ, ಅಂದರೆ ನವೆಂಬರ್ 21ರಂದು, ಕೇಂದ್ರ ಸರ್ಕಾರದ ನಾಲ್ಕು ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದವು. ಅಂಗಡಿ ಕಾಯ್ದೆ ರಾಜ್ಯದ್ದು, ಅದು ಹಾಗೇ ಉಳಿಯಿತು. ಉಳಿದ ನಾಲ್ಕೂ ಆ ಸಂಹಿತೆಗಳಲ್ಲಿ ಸೇರಿಹೋದವು. ಸಂಬಳದ ಗುಮಾಸ್ತರಿಗೆ ಇದಕ್ಕಿಂತ ತಲೆನೋವು ಬೇಕಾ!

ಕೋರ್ಟಿಗೆ ಹೋದದ್ದು ಬೆಂಗಳೂರಿನ ಹೋಟೆಲ್ ಮಾಲೀಕರ ಸಂಘ. ಅವರ ವಾದದಲ್ಲಿ ಎರಡು ಮಾತು ಮುಖ್ಯ. ಒಂದು, ಶಾಸನಸಭೆಯಲ್ಲಿ ಕಾನೂನು ಮಾಡದೆ ಬರೀ ಆದೇಶದ ಮೂಲಕ ಖಾಸಗಿ ಮಾಲೀಕರ ಮೇಲೆ ಇಂಥ ಹೊರೆ ಹಾಕುವ ಅಧಿಕಾರ ಸರ್ಕಾರಕ್ಕಿಲ್ಲ. ಇನ್ನೊಂದು, ಇರುವ ಕಾನೂನುಗಳಲ್ಲೇ ಬೇಕಾದಷ್ಟು ರಜೆ ಇದೆ. ಎರಡೂ ಕಾನೂನಿನ ಪ್ರಶ್ನೆಗಳೇ. ಆದರೆ ಕೋರ್ಟಿನ ಹೊರಗೆ ನಡೆಯುತ್ತಿರುವ ಚರ್ಚೆ ಬೇರೆ.

'ರಜೆ ಕೊಟ್ಟರೆ ಕೆಲಸ ಕೊಡಲಿಕ್ಕಿಲ್ಲ'

ಪರ ಇರುವವರ ಮಾತು ಸರಳ. ಕೆಲವರಿಗೆ ಮುಟ್ಟಿನ ಮೊದಲ ದಿನ ಎದ್ದು ನಿಲ್ಲುವುದೇ ಕಷ್ಟ. ಕೆಲಸದ ಜಾಗಗಳನ್ನು, ಪಾಳಿಗಳನ್ನು, ಶೌಚಾಲಯಗಳನ್ನು ಗಂಡಸರ ದೇಹಕ್ಕೆ ಅಳತೆ ಹಿಡಿದು ಮಾಡಿದ್ದಾರೆ. ಆ ಅಳತೆಯನ್ನು ಸ್ವಲ್ಪ ಬದಲಿಸುವುದು ದಾನವಲ್ಲ. ಬಿಹಾರ ಸರ್ಕಾರ ತನ್ನ ಮಹಿಳಾ ನೌಕರರಿಗೆ 1992ರಿಂದಲೇ ತಿಂಗಳಿಗೆ ಎರಡು ದಿನ ಕೊಡುತ್ತಿದೆ. ಅದರಿಂದ ಅಲ್ಲಿನ ಆಡಳಿತ ನಿಂತುಹೋಗಲಿಲ್ಲ.

ವಿರೋಧ ಇರುವವರಲ್ಲಿ ದೊಡ್ಡ ಸ್ಥಾನದವರೂ ಇದ್ದಾರೆ. 2023ರ ಡಿಸೆಂಬರಿನಲ್ಲಿ ಆಗಿನ ಕೇಂದ್ರ ಸಚಿವೆ ಸ್ಮೃತಿ ಇರಾನಿ ರಾಜ್ಯಸಭೆಯಲ್ಲಿ, ಮುಟ್ಟು ಅಂಗವೈಕಲ್ಯವಲ್ಲ, ಇಂಥ ರಜೆಯಿಂದ ಸಮಾನ ಅವಕಾಶಕ್ಕೇ ಕುತ್ತು ಬರಬಾರದು ಎಂಬ ಅರ್ಥದ ಮಾತಾಡಿದ್ದರು. 2024ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಕೂಡ ಇದು ಸರ್ಕಾರದ ನೀತಿಗೆ ಬಿಟ್ಟದ್ದು ಎಂದಿತು. ಜೊತೆಗೆ, ಕಡ್ಡಾಯ ಮಾಡಿದರೆ ಹೆಂಗಸರನ್ನೇ ದೂರ ಇಡುವ ಸಾಧ್ಯತೆ ಇದೆ ಎಂಬ ಆತಂಕವನ್ನೂ ಹೇಳಿತು.

ಈ ಆತಂಕವನ್ನು ನಿಧಾನವಾಗಿ ಬಿಡಿಸಿ ನೋಡಬೇಕು. ಹೆಂಗಸು ಎಂಬ ಕಾರಣಕ್ಕೆ ಕೆಲಸಕ್ಕೆ ತೆಗೆದುಕೊಳ್ಳದೆ ಇರುವುದು ಕಾನೂನಿಗೆ ವಿರುದ್ಧ. 1976ರ ಸಮಾನ ವೇತನ ಕಾಯ್ದೆಯಲ್ಲಿ ಅದು ಇತ್ತು. ಈಗಿನ ವೇತನ ಸಂಹಿತೆಯಲ್ಲೂ ಇದೆ. ಆದರೂ 'ರಜೆ ಕೊಟ್ಟರೆ ಕೆಲಸ ಕೊಡಲಿಕ್ಕಿಲ್ಲ' ಎಂದು ಎಲ್ಲರೂ ಮಳೆಗಾಲದಲ್ಲಿ ಮಳೆ ಬರುತ್ತದೆ ಅನ್ನುವಷ್ಟು ಸಹಜವಾಗಿ ಹೇಳುತ್ತಾರೆ. ಹೆಂಗಸರನ್ನು ಸದ್ದಿಲ್ಲದೆ ಬಿಟ್ಟುಬಿಡಬಹುದು, ಹಾಗೆ ಬಿಟ್ಟವರಿಗೆ ಏನೂ ಆಗುವುದಿಲ್ಲ ಎಂಬುದು ಎಲ್ಲರಿಗೂ ಗೊತ್ತು ಎಂದಾಯಿತು. ರಜೆಯನ್ನು ವಿರೋಧಿಸುವ ವಾದವೇ ತಾರತಮ್ಯ ಇದೆ ಎಂಬುದಕ್ಕೆ ಸಾಕ್ಷಿ ಹೇಳುತ್ತಿದೆ. ಇದನ್ನು ಯಾರೂ ಜೋರಾಗಿ ಹೇಳುವುದಿಲ್ಲ, ಅಷ್ಟೇ.

ಹಾಗೆಂದು ಆ ಭಯ ಸುಳ್ಳಲ್ಲ. ಅದಕ್ಕೆ ಕಾರಣ ದುಡ್ಡಿನ ಲೆಕ್ಕದಲ್ಲಿದೆ. ಅದಕ್ಕೆ ಆಮೇಲೆ ಬರೋಣ. ಮೊದಲು 'ನಮ್ಮಲ್ಲಿ ಅಂಥದ್ದೆಲ್ಲ ಇಲ್ಲ' ಎಂಬ ಮಾತನ್ನು ನೋಡಬೇಕು.

ಹೋಲಿಸಲು ಪಕ್ಕದಲ್ಲಿ ಯಾರೂ ಇಲ್ಲ

ಕರಾವಳಿಯವರಿಗೆ ಒಂದು ಹೆಮ್ಮೆ ಇದೆ. ಇಲ್ಲಿನ ಹೆಂಗಸರು ಗಟ್ಟಿಗಿತ್ತಿಯರು, ಇಲ್ಲಿ ಹೆಣ್ಣುಮಕ್ಕಳಿಗೆ ಬೆಲೆ ಜಾಸ್ತಿ ಎಂದು. ಅದಕ್ಕೆ ಆಧಾರವೂ ಇದೆ. ಅಳಿಯ ಸಂತಾನ ಪದ್ಧತಿಯಲ್ಲಿ ಕುಟುಂಬ ಹೆಣ್ಣಿನ ಕಡೆಯಿಂದ ಬೆಳೆಯುತ್ತಿತ್ತು. 2011ರ ಜನಗಣತಿಯಲ್ಲಿ ಉಡುಪಿ ಜಿಲ್ಲೆಯಲ್ಲಿ 1,000 ಗಂಡಸರಿಗೆ 1,094 ಹೆಂಗಸರಿದ್ದರು. ದಕ್ಷಿಣ ಕನ್ನಡದಲ್ಲಿ ಓದುಬರಹ ಬಲ್ಲವರು ನೂರಕ್ಕೆ 88ಕ್ಕಿಂತ ಹೆಚ್ಚು. ಮಲ್ಪೆಯಲ್ಲಿ, ಮಂಗಳೂರಿನ ಧಕ್ಕೆಯಲ್ಲಿ ಬೆಳಗಾಗುವ ಮೊದಲೇ ಮೀನಿನ ಏಲಕ್ಕೆ ನಿಲ್ಲುವ ಹೆಂಗಸರನ್ನು ನೋಡಿದವರು ಇವರಿಗೆ ಯಾರು ಅನ್ಯಾಯ ಮಾಡಲು ಸಾಧ್ಯ ಅಂದುಕೊಂಡರೆ ಆಶ್ಚರ್ಯವಿಲ್ಲ.

ಆದರೆ ಹೆಂಗಸರು ತುಂಬಾ ದುಡಿಯುತ್ತಾರೆ ಎಂಬುದು ಒಂದು ಮಾತು. ಅವರ ದುಡಿಮೆಗೆ ಎಷ್ಟು ಸಿಗುತ್ತದೆ ಎಂಬುದು ಇನ್ನೊಂದು ಮಾತು. ಇಲ್ಲಿನ ಕೆಲಸಗಳನ್ನು ಗಮನಿಸಿ. ಬೀಡಿ ಕಟ್ಟುವವರು ಹೆಚ್ಚಾಗಿ ಹೆಂಗಸರು. ಗೇರುಬೀಜ ಫ್ಯಾಕ್ಟರಿಯಲ್ಲಿ ಸಿಪ್ಪೆ ತೆಗೆಯುವವರು, ತಿರುಳು ವಿಂಗಡಿಸುವವರು ಹೆಂಗಸರು. ಆಸ್ಪತ್ರೆಯ ನರ್ಸ್‌ಗಳು ಹೆಚ್ಚಾಗಿ ಹೆಂಗಸರು. ಕನ್ನಡ ಮಾಧ್ಯಮ ಇರಲಿ, ಇಂಗ್ಲಿಷ್ ಮಾಧ್ಯಮ ಇರಲಿ, ಪ್ರೈಮರಿ ಶಾಲೆಯ ಟೀಚರ್ ಅಂದರೆ ಹೆಂಗಸರೇ ಕಣ್ಣಮುಂದೆ ಬರುತ್ತಾರೆ. ಇಲ್ಲೆಲ್ಲ ಪಕ್ಕದಲ್ಲಿ ಕೂತು ಅದೇ ಕೆಲಸ ಮಾಡುವ ಗಂಡಸು ಇರುವುದೇ ಕಡಿಮೆ. ಹೋಲಿಸಲು ಯಾರೂ ಇಲ್ಲದಾಗ ನನಗೆ ಕಡಿಮೆ ಸಿಗುತ್ತಿದೆ ಎಂದು ಅನಿಸುವುದೂ ಇಲ್ಲ. ಬೀಡಿ ಕಟ್ಟುವವಳು ತನ್ನನ್ನು ಹೋಲಿಸಿಕೊಳ್ಳುವುದು ಪಕ್ಕದ ಮನೆಯ ಬೀಡಿ ಕಟ್ಟುವವಳ ಜೊತೆ.

ತಮಾಷೆ ಎಂದರೆ ಅಡುಗೆ. ಮನೆಯಲ್ಲಿ ಅದು ಹೆಂಗಸರ ಕೆಲಸ. ಅದೇ ಅಡುಗೆಗೆ ಸಂಬಳ, ಹೆಸರು ಬಂದು 'ಉಡುಪಿ ಹೋಟೆಲ್' ಎಂದು ದೇಶವೆಲ್ಲ ಹಬ್ಬಿದಾಗ ಒಲೆಯ ಮುಂದೆ ನಿಂತವರು ಭಟ್ಟರು.

ಕೆಲಸವನ್ನು ಹೀಗೆ ಬೇರೆ ಮಾಡಿಟ್ಟರೆ ಸಮಾನ ವೇತನದ ಕಾನೂನು ಕೂಡ ಕೈಗೆ ಸಿಗುವುದಿಲ್ಲ. 'ಒಂದೇ ಕೆಲಸಕ್ಕೆ ಅಥವಾ ಅದೇ ಬಗೆಯ ಕೆಲಸಕ್ಕೆ' ಒಂದೇ ಸಂಬಳ ಎಂದು ಕಾನೂನು ಹೇಳುತ್ತದೆ. ಕೆಲಸವೇ ಬೇರೆ ಎಂದು ತೋರಿಸಿದರೆ ಮುಗಿಯಿತು. ಮೆಕಿನನ್ ಮೆಕೆಂಜಿ ಕಂಪನಿಯಲ್ಲಿ ಇದೇ ಆದದ್ದು. ಅಲ್ಲಿ ಮಹಿಳಾ ಸ್ಟೆನೋಗ್ರಾಫರುಗಳಿಗೆ ಗಂಡಸರಿಗಿಂತ ಕಡಿಮೆ ಸಂಬಳವಿತ್ತು. ಅವರು ದೊಡ್ಡ ಅಧಿಕಾರಿಗಳಿಗೆಂದೇ ಇರುವವರು, ಅವರ ವರ್ಗವೇ ಬೇರೆ ಎಂದು ಕಂಪನಿ ವಾದಿಸಿತು. ಆಡ್ರಿ ಡಿಕೋಸ್ಟಾ ಎಂಬ ಉದ್ಯೋಗಿ ಪಟ್ಟು ಬಿಡದೆ ಸುಪ್ರೀಂ ಕೋರ್ಟಿನ ತನಕ ಹೋರಾಡಿದರು. 1987ರಲ್ಲಿ ಕೋರ್ಟ್ ಅವರ ಪರವಾಗಿ ತೀರ್ಪು ಕೊಟ್ಟಿತು. ಅಲ್ಲಿ ಗಂಡಸು ಸ್ಟೆನೋಗಳೂ ಇದ್ದರು, ಹೋಲಿಕೆ ಸಾಧ್ಯವಾಯಿತು. ಸಿಪ್ಪೆ ತೆಗೆಯುವವರಲ್ಲಿ ಗಂಡಸರೇ ಇಲ್ಲದ ಫ್ಯಾಕ್ಟರಿಯಲ್ಲಿ ಯಾರ ಜೊತೆ ಹೋಲಿಸುವುದು?

ಇನ್ನೊಂದು ವಿಚಿತ್ರವನ್ನು ಅಮೆರಿಕದ ಮನಶ್ಶಾಸ್ತ್ರಜ್ಞೆ ಫೇ ಕ್ರಾಸ್ಬಿ 1980ರ ದಶಕದ ಆರಂಭದಲ್ಲೇ ಗುರುತಿಸಿದರು. ಕೆಲಸ ಮಾಡುವ ಹೆಂಗಸರನ್ನು ಕೇಳಿದಾಗ, ಸಾಮಾನ್ಯವಾಗಿ ಹೆಂಗಸರಿಗೆ ತಾರತಮ್ಯ ಆಗುತ್ತದೆ ಎಂದು ಅವರು ಒಪ್ಪಿದರು. 'ನಿಮಗೆ?' ಎಂದರೆ, ನನಗೆ ಹಾಗೇನೂ ಇಲ್ಲ ಅಂದರು. ಸಂಬಳದ ಲೆಕ್ಕ ಬೇರೆಯೇ ಹೇಳುತ್ತಿತ್ತು. ತನಗೇ ಅನ್ಯಾಯ ಆಗಿದೆ ಎಂದು ಒಪ್ಪಿಕೊಂಡರೆ ಅದನ್ನು ಮಾಡಿದವರು ಯಾರು ಎಂದು ಬೆರಳು ತೋರಿಸಬೇಕಾಗುತ್ತದೆ. ದಿನಾ ಮುಖ ನೋಡುವ ಮ್ಯಾನೇಜರ್ ಕಡೆಗೆ ಬೆರಳು ತೋರಿಸುವುದು ಸುಲಭವಲ್ಲ. ಸಣ್ಣ ಊರಿನಲ್ಲಿ ಆ ಮ್ಯಾನೇಜರ್ ದೂರದ ಸಂಬಂಧಿಯೂ ಆಗಿರಬಹುದು, ಅಲ್ವಾ?

ಹಾಗಾಗಿ 'ನಿಮ್ಮ ಆಫೀಸಿನಲ್ಲಿ ತಾರತಮ್ಯ ಇದೆಯಾ' ಎಂದು ಸುಮ್ನೆ ಕೇಳಿ ಬಂದ ಉತ್ತರವನ್ನು ನಂಬಿ ಕೂರಲು ಆಗುವುದಿಲ್ಲ. ತಾರತಮ್ಯದ ಅನಿಸಿಕೆ ಕಡಿಮೆ ಇರುವ ಕಡೆ ತಾರತಮ್ಯವೂ ಕಡಿಮೆ ಇರಬೇಕೆಂದಿಲ್ಲ. ಎಷ್ಟೋ ಸಲ ಉಲ್ಟಾ. ಗಂಡಸರ ಜೊತೆ ಸರಿಸಮಕ್ಕೆ ಕೆಲಸ ಮಾಡಲು ಶುರು ಮಾಡಿದ ಮೇಲೆಯೇ ವ್ಯತ್ಯಾಸ ಕಣ್ಣಿಗೆ ಹೊಡೆಯುತ್ತದೆ. ಒಬ್ಬ ಹುಡುಗ, ಒಬ್ಬಳು ಹುಡುಗಿ ಒಂದೇ ದಿನ ಐಟಿ ಕಂಪನಿ ಸೇರುತ್ತಾರೆ. ಐದು ವರ್ಷ ಆದ ಮೇಲೆ ಇಬ್ಬರ ಇನ್‌ಕ್ರಿಮೆಂಟ್ ನೋಡುತ್ತಾರೆ. ಬೀಡಿ ಕಟ್ಟಿ ಸಾಕಿದ ತಾಯಿಗೆ ಕಾಣದ್ದು ಮಗಳಿಗೆ ಕಾಣುತ್ತದೆ. ಮಗಳು ದೂರು ಹೇಳಿದರೆ 'ಈಗಿನವರಿಗೆ ಎಲ್ಲದಕ್ಕೂ ತಕರಾರು' ಅನ್ನುವವರು ಈ ಕಾರಣವನ್ನು ಗಮನಿಸುವುದಿಲ್ಲ.

'ಅವರೇ ಬೇಡ ಅಂದರು'

ಈ ಎರಡು ಜಿಲ್ಲೆಗಳು ಬ್ಯಾಂಕುಗಳ ತವರು. ಕೆನರಾ, ಕಾರ್ಪೊರೇಷನ್, ಸಿಂಡಿಕೇಟ್, ವಿಜಯಾ, ಕರ್ನಾಟಕ ಬ್ಯಾಂಕ್ ಎಲ್ಲವೂ ಇಲ್ಲಿ ಹುಟ್ಟಿದವು. ಬ್ಯಾಂಕಿನಲ್ಲಿ ಸಂಬಳ ದರ್ಜೆಯ ಮೇಲೆ ನಿಲ್ಲುತ್ತದೆ. ಗಂಡಸು ಕ್ಲರ್ಕಿಗೆ ಒಂದು, ಹೆಂಗಸು ಕ್ಲರ್ಕಿಗೆ ಒಂದು ಎಂಬುದಿಲ್ಲ. ಅದನ್ನು ನೋಡಿ ಬ್ಯಾಂಕಿನಲ್ಲಿ ತಾರತಮ್ಯ ಇಲ್ಲ ಅನ್ನುತ್ತಾರೆ. ಆದರೆ ಮೇಲಿನ ಹುದ್ದೆಗೆ ಹೋಗುತ್ತಾ ಹೋದ ಹಾಗೆ ಹೆಂಗಸರು ಕಡಿಮೆ ಆಗುತ್ತಾರೆ. ಕೇಳಿದರೆ ಉತ್ತರ ಸಿದ್ಧ: 'ಪ್ರಮೋಷನ್ ಕೊಟ್ಟೆವು, ಅವರೇ ಬೇಡ ಅಂದರು.'

ಇದು ಸುಳ್ಳಲ್ಲ. ಕ್ಲರ್ಕಿನಿಂದ ಆಫೀಸರ್ ಆದರೆ ಟ್ರಾನ್ಸ್‌ಫರ್. ಬೇರೆ ಜಿಲ್ಲೆ, ಎಷ್ಟೋ ಸಲ ಬೇರೆ ರಾಜ್ಯ. ಗಂಡನಿಗೆ ಟ್ರಾನ್ಸ್‌ಫರ್ ಆದರೆ ಹೆಂಡತಿ ಊರಲ್ಲಿ ಮನೆ, ಮಕ್ಕಳು, ಅತ್ತೆ-ಮಾವನನ್ನು ನೋಡಿಕೊಳ್ಳುತ್ತಾಳೆ. ಹೆಂಡತಿಗೆ ಟ್ರಾನ್ಸ್‌ಫರ್ ಆದರೆ ನೋಡಿಕೊಳ್ಳುವವರು ಯಾರು? 2024ರ ಕೇಂದ್ರ ಸರ್ಕಾರದ ಸಮಯ ಬಳಕೆ ಸಮೀಕ್ಷೆ ಈ ಪ್ರಶ್ನೆಗೆ ನಿಮಿಷದ ಲೆಕ್ಕ ಕೊಟ್ಟಿದೆ. ಸಂಬಳವಿಲ್ಲದ ಮನೆಗೆಲಸ ಮಾಡುವವರಲ್ಲಿ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 289 ನಿಮಿಷ ಕೊಡುತ್ತಾರೆ, ಗಂಡಸರು 88 ನಿಮಿಷ. ಗಂಡ ಗಲ್ಫಿನಲ್ಲಿರುವ ಮನೆಗಳಲ್ಲಿ ಆ 88 ನಿಮಿಷವೂ ಇಲ್ಲ.

ಇಲ್ಲಿ ತಪ್ಪು ಯಾರದು? ಬ್ಯಾಂಕಿನ ನಿಯಮ ಎಲ್ಲರಿಗೂ ಒಂದೇ. ಮೇಲಧಿಕಾರಿ ಕೆಟ್ಟವರಲ್ಲ. ಮಹಿಳೆ ತಾನೇ ಬರೆದುಕೊಟ್ಟಿದ್ದಾಳೆ. ಆದರೂ ಫಲಿತಾಂಶ ಒಂದೇ ಕಡೆಗೆ ವಾಲುತ್ತದೆ. 2023ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಕ್ಲಾಡಿಯಾ ಗೋಲ್ಡಿನ್ ಹೇಳುವುದು ಇದನ್ನೇ. ಯಾವ ಹೊತ್ತಿಗೆ ಕರೆದರೂ ಬರುವವರಿಗೆ ಕೆಲವು ಕೆಲಸಗಳು ವಿಪರೀತ ಜಾಸ್ತಿ ಸಂಬಳ ಕೊಡುತ್ತವೆ. ಮನೆಯಲ್ಲಿ ಯಾರಾದರೂ ಒಬ್ಬರು ಮಾತ್ರ ಹಾಗೆ ಬರಬಲ್ಲರು. ಆ ಒಬ್ಬರು ಸಾಮಾನ್ಯವಾಗಿ ಗಂಡ.

ಇಂಥ ತಾರತಮ್ಯವನ್ನು ಮೇಲಧಿಕಾರಿ ನೋಡಿದರೆ 'ಆಯ್ಕೆ' ಎಂದು ಕಾಣುತ್ತದೆ, ಅನುಭವಿಸಿದವಳಿಗೆ 'ಬೇರೆ ದಾರಿ ಇರಲಿಲ್ಲ' ಎಂದು. ಅನಿಸಿಕೆಯ ಜಗಳ ಹೆಚ್ಚಾಗಿ ಹುಟ್ಟುವುದು ಈ ಜಾಗದಲ್ಲಿ. ಇಬ್ಬರೂ ಸುಳ್ಳು ಹೇಳುತ್ತಿಲ್ಲ.

ಹಿಂದೆ ಇಷ್ಟು ನಾಜೂಕು ಇರಲಿಲ್ಲ, ನಿಯಮದಲ್ಲೇ ಬರೆದಿಡುತ್ತಿದ್ದರು. ಕೊಡಗಿನ ವಿರಾಜಪೇಟೆಯ ಸಿ.ಬಿ. ಮುತ್ತಮ್ಮ ವಿದೇಶಾಂಗ ಸೇವೆ ಸೇರಿದ ಮೊದಲ ಮಹಿಳೆ. ಆ ಸೇವೆಯ ಮಹಿಳೆ ಮದುವೆಯಾಗಲು ಸರ್ಕಾರದ ಲಿಖಿತ ಅನುಮತಿ ಬೇಕಿತ್ತು. ಮದುವೆಯ ನಂತರ ಸಂಸಾರ ಕೆಲಸಕ್ಕೆ ಅಡ್ಡಿ ಎನಿಸಿದರೆ ರಾಜೀನಾಮೆ ಕೇಳಬಹುದಿತ್ತು. ಬಡ್ತಿ ತಪ್ಪಿದಾಗ ಮುತ್ತಮ್ಮ ಸುಪ್ರೀಂ ಕೋರ್ಟಿಗೆ ಹೋದರು. 1979ರಲ್ಲಿ ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಆ ನಿಯಮಗಳನ್ನು ತರಾಟೆಗೆ ತೆಗೆದುಕೊಂಡರು. ಅದು ಹಳೇ ಕಾಲ ಅಂದುಕೊಳ್ಳಬೇಡಿ. ಮದುವೆಯಾದರು ಎಂದು 1988ರಲ್ಲಿ ಸೇನಾ ನರ್ಸಿಂಗ್ ಸೇವೆಯಿಂದ ತೆಗೆದುಹಾಕಲಾದ ಸೆಲಿನಾ ಜಾನ್ ಅವರಿಗೆ ₹60 ಲಕ್ಷ ಪರಿಹಾರ ಕೊಡಿ ಎಂದು ಸುಪ್ರೀಂ ಕೋರ್ಟ್ ಹೇಳಿದ್ದು 2024ರ ಫೆಬ್ರವರಿಯಲ್ಲಿ.

ಬರೆದಿಟ್ಟ ನಿಯಮಗಳು ಹೋದವು. ಅವುಗಳ ಜಾಗಕ್ಕೆ ಇಂಟರ್‌ವ್ಯೂ ಪ್ರಶ್ನೆಗಳು ಬಂದವು. 'ಮದುವೆ ಯಾವಾಗ?', 'ಮಗು ಎಷ್ಟು ಸಣ್ಣದು?', 'ಗಂಡ ಎಲ್ಲಿದ್ದಾರೆ, ನೀವೂ ಹೊರಡುತ್ತೀರಾ?' ಅಮೆರಿಕದಲ್ಲಿ ಶೆಲ್ಲಿ ಕೊರೆಲ್ ಮತ್ತು ಸಂಗಡಿಗರು 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಓದು, ಅನುಭವ ಎಲ್ಲ ಸಮನಾಗಿದ್ದ ಅರ್ಜಿಗಳಲ್ಲಿ ಕೆಲವರು ತಾಯಿ ಎಂಬ ಸುಳಿವು ಮಾತ್ರ ಇಟ್ಟಿದ್ದರು. ಆ ತಾಯಂದಿರಿಗೆ ಸೂಚಿಸಿದ ಸಂಬಳ ಕಡಿಮೆ ಇತ್ತು. ತಂದೆ ಎಂಬ ಸುಳಿವಿದ್ದ ಗಂಡಸರಿಗೆ ಅಂಥ ನಷ್ಟ ಆಗಲಿಲ್ಲ. ನಿಜ ಜೀವನದಲ್ಲಿ ಅರ್ಜಿ ಹಾಕಿದವಳಿಗೆ ಬರುವುದು 'ಆಮೇಲೆ ತಿಳಿಸುತ್ತೇವೆ' ಎಂಬ ಮಾತು ಮಾತ್ರ. ಯಾಕೆ ಸಿಗಲಿಲ್ಲ ಎಂದು ಅವಳಿಗೂ ಗೊತ್ತಾಗುವುದಿಲ್ಲ. ಅವಳ ಜಾಗಕ್ಕೆ ಬಂದ ಗಂಡಸಿಗಂತೂ ಅವಳು ಇದ್ದದ್ದೇ ಗೊತ್ತಿಲ್ಲ.

ಗಂಡಸರ ಸಿಟ್ಟು ಎಲ್ಲಿಂದ

ಆ ಗಂಡಸಿಗೆ ಕಾಣುವುದು ಬೇರೆ. ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಬಸ್ ಉಚಿತ. ಸರ್ಕಾರಿ ನೇಮಕಾತಿಯಲ್ಲಿ ಮಹಿಳಾ ಮೀಸಲಾತಿ. ಈಗ ರಜೆ. ಇವೆಲ್ಲ ಪೇಪರಿನಲ್ಲಿ ಬರುವ ಸಂಗತಿಗಳು, ಲೆಕ್ಕ ಇಡಬಹುದಾದ ಸಂಗತಿಗಳು. ಕೊಟ್ಟದ್ದಕ್ಕೆ ಆದೇಶದ ನಂಬರ್ ಇರುತ್ತದೆ. ಕೊಡದೆ ಬಿಟ್ಟದ್ದಕ್ಕೆ ಯಾವ ದಾಖಲೆಯೂ ಇರುವುದಿಲ್ಲ. ಕೆಲಸ ಹುಡುಕಿ ಸೋತ ಹುಡುಗನಿಗೆ ತನ್ನ ಕಷ್ಟಕ್ಕೆ ಕಾರಣ ಹೆಂಗಸರ ರಿಯಾಯಿತಿ ಎಂದು ಅನಿಸುವುದು ಹೀಗೆ. ಅವನ ಕಷ್ಟ ನಿಜ. ಅವನು ಕಂಡುಕೊಂಡ ಕಾರಣ ಮಾತ್ರ ಸರಿಯಿಲ್ಲ.

ಅಂದ ಹಾಗೆ ಶಕ್ತಿ ಯೋಜನೆಯ ಮಾತು ಬಂದದ್ದಕ್ಕೆ ಹೇಳುವುದು: 2023ರ ಜೂನ್ 11ರಂದು ಶುರುವಾದ ಆ ಯೋಜನೆ ಸರ್ಕಾರಿ ಬಸ್ಸಿಗೆ ಮಾತ್ರ. ಮಂಗಳೂರು, ಉಡುಪಿಯ ಪೇಟೆಯಲ್ಲಿ ಓಡಾಡುವ ಬಸ್ಸುಗಳು ಹೆಚ್ಚಾಗಿ ಖಾಸಗಿಯವು. ಇಲ್ಲಿ ಬಟ್ಟೆ ಅಂಗಡಿಗೆ ಹೋಗುವ ಹುಡುಗಿ ದಿನಾ ಟಿಕೆಟ್ ತೆಗೆದೇ ಹೋಗುತ್ತಾಳೆ. ಸಿಗದ ಸೌಲಭ್ಯದ ಹೆಸರಿನಲ್ಲೂ ಮಾತು ಕೇಳುತ್ತಾಳೆ.

ನೈಟ್ ಡ್ಯೂಟಿ ಮತ್ತು ಕೊನೆಯ ಬಸ್

ನವೆಂಬರ್ 21ರಿಂದ ಬಂದ ಇನ್ನೊಂದು ಬದಲಾವಣೆ ರಜೆಯಷ್ಟು ಸದ್ದು ಮಾಡಲಿಲ್ಲ. ಹೊಸ ಸಂಹಿತೆಯ ಪ್ರಕಾರ ಹೆಂಗಸರು ಎಲ್ಲ ಬಗೆಯ ಕೆಲಸ ಮಾಡಬಹುದು. ಅವರು ಒಪ್ಪಿದರೆ ಸಂಜೆ 7ರ ನಂತರ, ಬೆಳಿಗ್ಗೆ 6ಕ್ಕೆ ಮೊದಲೂ ಕೆಲಸ ಕೊಡಬಹುದು. ಸುರಕ್ಷತೆಯ ಷರತ್ತುಗಳಿವೆ. 1948ರ ಕಾರ್ಖಾನೆ ಕಾಯ್ದೆ ಮೂಲತಃ ಈ ಹೊತ್ತಿನಲ್ಲಿ ಹೆಂಗಸರ ಕೆಲಸವನ್ನು ತಡೆದಿತ್ತು. ಕಾರಣ ರಕ್ಷಣೆ ಎಂದಿತ್ತು.

ಆ ರಕ್ಷಣೆಯನ್ನು ಈ ಊರಿನಲ್ಲಿ ನಿಂತು ನೋಡಿದರೆ ನಗು ಬರುತ್ತದೆ. ಮಂಗಳೂರು, ಮಣಿಪಾಲದ ಆಸ್ಪತ್ರೆಗಳಲ್ಲಿ ನರ್ಸ್‌ಗಳು ರಾತ್ರಿ ಪಾಳಿ ಮಾಡುತ್ತಲೇ ಬಂದಿದ್ದಾರೆ. ಮೀನಿನ ಹೆಂಗಸರು ನಸುಕಿನಲ್ಲೇ ಮನೆ ಬಿಡುತ್ತಾರೆ. ಅವರಿಗೆ ರಾತ್ರಿ ಅಪಾಯ ಎಂದು ಯಾರೂ ತಡೆದಿಲ್ಲ. ರಾತ್ರಿ ಭತ್ಯೆ, ಓವರ್‌ಟೈಮ್ ಸಿಗುವ ಕಾರ್ಖಾನೆಯ ಮೆಷಿನ್ ಮುಂದೆ ಮಾತ್ರ ರಕ್ಷಣೆ ಬೇಕಾಯಿತು.

ಹಾಗಾದರೆ ನಿಷೇಧ ಹೋದದ್ದು ಒಳ್ಳೆಯದೇ? ಹೌದು, ಅರ್ಧ. 'ಒಪ್ಪಿದರೆ' ಎಂಬ ಷರತ್ತು ಕೆಲಸದ ಒತ್ತಡದಲ್ಲಿ ಎಷ್ಟು ನಿಲ್ಲುತ್ತದೆ ಎಂಬುದು ಒಂದು ಪ್ರಶ್ನೆ. ಒಪ್ಪದವಳಿಗೆ 'ರಾತ್ರಿ ಬರುವುದಿಲ್ಲ' ಎಂಬ ಹಣೆಪಟ್ಟಿ ಅಂಟಿ ಬಡ್ತಿಗೆ ಅಡ್ಡ ಬರಬಹುದು. ಇನ್ನೊಂದು ಪ್ರಶ್ನೆ ಬಸ್ಸಿನದು. ರಾತ್ರಿಯಾದರೆ ಸಿಟಿ ಬಸ್ ವಿರಳ. ಕಂಪನಿಯ ವಾಹನ ಮನೆ ಬಾಗಿಲ ತನಕ ಬಂದರೆ ಮಾತ್ರ ಈ ಸ್ವಾತಂತ್ರ್ಯಕ್ಕೆ ಅರ್ಥ. ಸಣ್ಣ ಅಂಗಡಿಯವರು ಪಾಳಿ ಮುಗಿದ ಮೇಲೆ ನಾಲ್ಕು ಹುಡುಗಿಯರಿಗೆ ಕಾರು ಮಾಡುತ್ತಾರಾ, ಅಥವಾ ಆ ನಾಲ್ಕು ಕೆಲಸಕ್ಕೆ ಹುಡುಗರನ್ನೇ ತೆಗೆದುಕೊಳ್ಳುತ್ತಾರಾ? ಉತ್ತರ ಊಹಿಸುವುದು ಕಷ್ಟವಲ್ಲ. ಇದೂ ಖರ್ಚಿನ ಪ್ರಶ್ನೆಯೇ.

ಖರ್ಚು ಯಾರ ತಲೆಗೆ

ಮುಟ್ಟಿನ ರಜೆಯ ಬಗ್ಗೆ ಇರುವ ಭಯ ಹೊಸದಲ್ಲ. 2017ರಲ್ಲಿ ಹೆರಿಗೆ ರಜೆ 12 ವಾರದಿಂದ 26 ವಾರಕ್ಕೆ ಏರಿದಾಗಲೂ ಇದೇ ಮಾತು ಕೇಳಿತ್ತು. 50 ಅಥವಾ ಅದಕ್ಕಿಂತ ಹೆಚ್ಚು ಜನ ಇರುವಲ್ಲಿ ಶಿಶುಪಾಲನಾ ಕೇಂದ್ರವೂ ಬೇಕೆಂದರು. ಉದ್ದೇಶ ಒಳ್ಳೆಯದು. ಆದರೆ 26 ವಾರದ ಸಂಬಳ ಮಾಲೀಕನ ಜೇಬಿನಿಂದ. ಬದಲಿಗೆ ಬಂದವರ ಸಂಬಳವೂ ಅದೇ ಜೇಬಿನಿಂದ. ಆಗ ಮಾಲೀಕನ ಲೆಕ್ಕದಲ್ಲಿ ಹೆಂಗಸು ಅಂದರೆ ಹೆಚ್ಚುವರಿ ಖರ್ಚು. ಅವನು ಹೆಂಗಸರ ವಿರೋಧಿಯೇ ಆಗಿರಬೇಕಿಲ್ಲ, ಬರೀ ಲೆಕ್ಕ ಬಲ್ಲವನಾಗಿದ್ದರೆ ಸಾಕು.

ಇಎಸ್ಐ, ಅಂದರೆ ನೌಕರರ ರಾಜ್ಯ ವಿಮೆಯ ವ್ಯಾಪ್ತಿಯ ಕಡೆಗಳಲ್ಲಿ ಚಿತ್ರ ಬೇರೆ. ತಿಂಗಳಿಗೆ ₹21,000ದ ತನಕ ಸಂಬಳ ಇರುವವರ ಹೆರಿಗೆ ಭತ್ಯೆಯನ್ನು ಇಎಸ್ಐ ನಿಗಮ ಕೊಡುತ್ತದೆ. ಮಾಲೀಕ ಕಟ್ಟಬೇಕಾದದ್ದು ಸಂಬಳದ ನೂರಕ್ಕೆ 3.25, ನೌಕರರು ಕಟ್ಟುವುದು 0.75. ಗಂಡಸಿಗೂ ಅಷ್ಟೇ, ಹೆಂಗಸಿಗೂ ಅಷ್ಟೇ. ಹೆಂಗಸನ್ನು ಸೇರಿಸಿಕೊಂಡರೆ ಭತ್ಯೆಯ ಹೊರೆ ಮಾಲೀಕನ ಮೇಲೆ ಬೀಳುವುದಿಲ್ಲ, ಬಿಟ್ಟರೆ ಒಂದು ಪೈಸೆ ಉಳಿಯುವುದೂ ಇಲ್ಲ. ಬಿಡಲು ಇರುವ ದೊಡ್ಡ ಕಾರಣವೇ ಹೋಯಿತು. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2000ದಲ್ಲಿ ಒಪ್ಪಿದ 183ನೇ ಒಡಂಬಡಿಕೆ ಹೇಳುವುದೂ ಇದನ್ನೇ: ಹೆರಿಗೆ ಭತ್ಯೆಯ ನೇರ ಖರ್ಚು ಒಬ್ಬ ಮಾಲೀಕನ ಮೇಲೆ ಬೀಳಬಾರದು. ಭಾರತ ಅದಕ್ಕೆ ಸಹಿ ಹಾಕಿಲ್ಲ.

ಮುಟ್ಟಿನ ರಜೆಗೂ ಇದೇ ಅಳತೆ ಹಿಡಿಯಬಹುದು. 2023ರಲ್ಲಿ ಸ್ಪೇನ್ ಕಾನೂನು ಮಾಡಿದಾಗ ರಜೆಯ ಖರ್ಚನ್ನು ಸಾಮಾಜಿಕ ಭದ್ರತೆಯ ನಿಧಿಗೆ ಹಾಕಿತು, ಡಾಕ್ಟರ ಚೀಟಿ ಬೇಕು ಎಂದಿತು. ಕರ್ನಾಟಕ ಚೀಟಿ ಬೇಡ ಎಂದಿತು, ಖರ್ಚು ಮಾಲೀಕನದು ಎಂದಿತು. ಚೀಟಿ ಬೇಡ ಎಂಬುದು ಹೆಂಗಸರ ಮರ್ಯಾದೆ ಉಳಿಸುವ ಮಾತು, ಅದು ಸರಿ. ಖರ್ಚಿನ ವಿಷಯದಲ್ಲಿ ಮಾತ್ರ ಸರ್ಕಾರ ಸುಲಭದ ದಾರಿ ಹಿಡಿದಿದೆ. ಕೈಯಿಂದ ಒಂದು ರೂಪಾಯಿ ಬಿಚ್ಚದೆ ಹೆಸರು ತೆಗೆದುಕೊಂಡಿದೆ.

ದುಡ್ಡು ಸರಿಹೋದರೂ ಇನ್ನೊಂದು ತೊಡಕು ಉಳಿಯುತ್ತದೆ. ಜಪಾನಿನಲ್ಲಿ ಮುಟ್ಟಿನ ರಜೆ 1947ರಿಂದ ಕಾನೂನಿನಲ್ಲಿದೆ. ಇತ್ತೀಚಿನ ವರ್ಷಗಳಲ್ಲಿ ಅದನ್ನು ತೆಗೆದುಕೊಳ್ಳುವವರು ನೂರಕ್ಕೆ ಒಬ್ಬರೂ ಇಲ್ಲ. ಗಂಡಸು ಮೇಲಧಿಕಾರಿಯ ಹತ್ತಿರ 'ನನಗೆ ಇವತ್ತು' ಎಂದು ಹೇಳಲು ಯಾರಿಗೂ ಮನಸ್ಸಿಲ್ಲ. ನಮ್ಮಲ್ಲಿ ಮುಟ್ಟಾದವರು ಹೊರಗೆ ಕೂರುವ ಪದ್ಧತಿ ಕೆಲವು ಮನೆಗಳಲ್ಲಿ ಇನ್ನೂ ಇದೆ. ಆಫೀಸಿನ ರಜೆ ಅರ್ಜಿಯಲ್ಲಿ ಆ ಕಾರಣ ಬರೆಯುವುದು ಅಷ್ಟು ಸಲೀಸಲ್ಲ. ಹಾಗಾಗಿ ಹೆಂಗಸರೆಲ್ಲ ತಿಂಗಳಿಗೊಂದು ದಿನ ಮಾಯವಾಗುತ್ತಾರೆ ಎಂಬ ಮಾಲೀಕರ ಭಯಕ್ಕೆ ಆಧಾರ ಕಡಿಮೆ. ರಜೆ ಕಾಗದದಲ್ಲೇ ಉಳಿದೀತು ಎಂಬ ಸಾಧ್ಯತೆಯೇ ಹೆಚ್ಚು. ಆದರೆ ಸಂದರ್ಶನದ ಕೋಣೆಯಲ್ಲಿ ಲೆಕ್ಕ ನಡೆಯುವುದು ಭಯದ ಮೇಲೆ, ನಿಜವಾದ ಬಳಕೆಯ ಮೇಲಲ್ಲ.

ಇದಕ್ಕೆ ಮದ್ದು ಲೆಕ್ಕವನ್ನು ಬಯಲಿಗೆ ತರುವುದು. ಷೇರುಪೇಟೆಯ ದೊಡ್ಡ 1,000 ಕಂಪನಿಗಳು ಗಂಡಸರ ಮತ್ತು ಹೆಂಗಸರ ಸಂಬಳದ ಮಧ್ಯಮ ಅಂಕಿಯನ್ನು (ಸಾಲಾಗಿ ಇಟ್ಟರೆ ನಟ್ಟನಡುವೆ ಬರುವ ಸಂಬಳ) ವರ್ಷವರ್ಷವೂ ಪ್ರಕಟಿಸಬೇಕು ಎಂಬ, ಷೇರುಪೇಟೆಯ ನಿಯಂತ್ರಕ ಸೆಬಿಯ ನಿಯಮ 2022–23ರಿಂದ ಕಡ್ಡಾಯವಾಗಿದೆ. ಎಷ್ಟು ಜನ ಅರ್ಜಿ ಹಾಕಿದರು, ಎಷ್ಟು ಜನಕ್ಕೆ ಕೆಲಸ ಸಿಕ್ಕಿತು ಎಂಬುದನ್ನೂ ಹೀಗೆ ಹೇಳಿಸಿದರೆ ರಜೆಯ ನಂತರ ನೇಮಕಾತಿ ಇಳಿಯಿತೇ ಎಂದು ಊಹೆ ಮಾಡುತ್ತಾ ಕೂರಬೇಕಿಲ್ಲ. ಅಂಗಡಿ, ಸಣ್ಣ ಕ್ಲಿನಿಕ್, ಖಾಸಗಿ ಶಾಲೆಗಳಿಗೆ ಇದು ಅನ್ವಯಿಸುವುದಿಲ್ಲ. ಇಲ್ಲಿನ ಎಷ್ಟೋ ಹೆಂಗಸರು ದುಡಿಯುವುದು ಅಂಥ ಕಡೆಗಳಲ್ಲೇ.

ಸಾವಿರಕ್ಕೆ ಇಷ್ಟು ಎಂದು ದುಡಿಯುವವಳ ರಜೆ

ಆದೇಶದಲ್ಲಿ ಬೀಡಿ ಕಾಯ್ದೆಯ ಹೆಸರಿದೆ ಎಂದೆವು. ಅದು ಈ ಎರಡು ಜಿಲ್ಲೆಗಳ ಮಟ್ಟಿಗೆ ಸಣ್ಣ ವಿಷಯವಲ್ಲ. ಆದರೆ ಬೀಡಿ ಕಟ್ಟುವವಳಿಗೆ ದಿನದ ಸಂಬಳ ಇಲ್ಲ, ಸಾವಿರ ಬೀಡಿಗೆ ಇಷ್ಟು ಎಂದು ಲೆಕ್ಕ. ಅವಳು ಎಲೆ, ಹೊಗೆಸೊಪ್ಪು, ನೂಲು ತಂದು ಮನೆಯ ಚಾವಡಿಯಲ್ಲಿ ಕೂತು ಕಟ್ಟುತ್ತಾಳೆ. ಹಾಜರಿ ಇಲ್ಲದವಳಿಗೆ ರಜೆ ಎಲ್ಲಿಂದ ಎಂದು ಕೇಳಿದರೆ ಮೇಲ್ನೋಟಕ್ಕೆ ಸರಿ ಅನಿಸುತ್ತದೆ.

ಉತ್ತರ 1966ರ ಬೀಡಿ ಕಾಯ್ದೆಯಲ್ಲೇ ಇತ್ತು. ಮನೆಯಲ್ಲಿ ಕಟ್ಟುವವರಿಗೂ ವಾರ್ಷಿಕ ರಜೆ ಉಂಟು ಎಂದಿದ್ದ ಆ ಕಾಯ್ದೆ, ರಜೆಯ ಸಂಬಳಕ್ಕೆ ಹಿಂದಿನ ತಿಂಗಳ ದಿನದ ಸರಾಸರಿ ಗಳಿಕೆಯನ್ನು ಹಿಡಿಯಬೇಕು ಎಂದಿತ್ತು. ಮುಟ್ಟಿನ ರಜೆಗೂ ಇದೇ ಲೆಕ್ಕ ಸಾಕು. ಯಾರು ಕೊಡಬೇಕು, ಕಂಪನಿಯೋ ಬೀಡಿ ಕಂಟ್ರಾಕ್ಟರೋ ಎಂಬುದಕ್ಕೂ ಹಳೆಯ ಉತ್ತರವಿದೆ. ಮಂಗಳೂರು ಗಣೇಶ್ ಬೀಡಿ ವರ್ಕ್ಸ್ ಸೇರಿದಂತೆ ಹಲವು ಮಾಲೀಕರು ಆ ಕಾಯ್ದೆಯನ್ನೇ ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋಗಿದ್ದರು. 1974ರಲ್ಲಿ ಕೋರ್ಟ್ ಕಾಯ್ದೆಯನ್ನು ಎತ್ತಿಹಿಡಿಯಿತು. ನಡುವೆ ಕಂಟ್ರಾಕ್ಟರ್ ಇದ್ದ ಮಾತ್ರಕ್ಕೆ ಕಂಪನಿಯ ಹೊಣೆ ತಪ್ಪುವುದಿಲ್ಲ ಎಂದಿತು. ಈಗ ಆ ಕಾಯ್ದೆ ಹೊಸ ಸಂಹಿತೆಯೊಳಗೆ ಸೇರಿರುವುದರಿಂದ, ಇದೇ ಲೆಕ್ಕ ಮತ್ತು ಇದೇ ಹೊಣೆ ಮುಂದುವರಿಯುತ್ತದೆ ಎಂದು ಕಾರ್ಮಿಕ ಇಲಾಖೆ ಸ್ಪಷ್ಟವಾಗಿ ಬರೆದು ತಿಳಿಸಬೇಕು. ಕೋರ್ಟಿನಲ್ಲಿ ಹೋಟೆಲಿನವರ ಅರ್ಜಿ ಏನಾಗುತ್ತದೋ ಆಗಲಿ, ಈ ಒಂದು ಕೆಲಸಕ್ಕೆ ಅದರ ತೀರ್ಪಿಗೆ ಕಾಯುವ ಅಗತ್ಯವಿಲ್ಲ.